ಅನಗವಾಡಿ ಕ್ರಾಸಿನ ಹುಲೆಪ್ಪ

ಮೂವತ್ತು ವರ್ಷ ಕಂಡಕ್ಟರಾಗಿದ್ದ ಹುಲೆಪ್ಪ ನಿವೃತ್ತನಾದ ಮೇಲೂ ದಿನಾ ಬೆಳಿಗ್ಗೆ ಅನಗವಾಡಿ ಕ್ರಾಸಿಗೆ ಬರುತ್ತಿದ್ದ. ಎಲ್ಲಿಗೂ ಹೋಗಲಿಕ್ಕಲ್ಲ. ಹೆಂಗಸರಿಗೆ ಟಿಕೆಟ್ ಉಚಿತವಾದಂದಿನಿಂದ, ಬರೀ ಸೀರೆಗಳು ಕಂಡರೆ ಬೀಳಗಿಗೆ ಹೋಗುವ ಬೆಳಗಿನ ಬಸ್ಸಿನ ಡ್ರೈವರ್ ನಿಲ್ಲಿಸುತ್ತಲೇ ಇರಲಿಲ್ಲ. ಹಾಗಾಗಿ ಹೆಂಗಸರೆಲ್ಲ ತಂಗುದಾಣದ ಗೋಡೆಯ ಹಿಂದೆ ಅಡಗುವುದು, ಹುಲೆಪ್ಪ ಒಬ್ಬನೇ ಕೈ ಮಾಡುವುದು, ಬಸ್ಸು ನಿಂತೊಡನೆ ಅವರು ಓಡಿಬಂದು ಹತ್ತುವುದು ರೂಢಿಯಾಗಿತ್ತು. ಸರಕಾರದ ಬಸ್ಸನ್ನು ಕಳ್ಳರಂತೆ ಹತ್ತಬೇಕಲ್ಲ ಎಂದು ಅವನ ಮೈಯೆಲ್ಲ ಉರಿಯುತ್ತಿತ್ತು.

ಅಂದು ಆ ಹೆಂಗಸರಲ್ಲೊಬ್ಬಳಾದ ಸರಿತಾಳ ಕೂಸಿಗೆ ಜ್ವರ ಏರಿತ್ತು. ಬೀಳಗಿ ದವಾಖಾನೆಗೆ ಹೋಗಲೇಬೇಕು. ದೂರದಲ್ಲಿ ಬಸ್ಸು ಕಾಣುವುದಕ್ಕೂ ಗೋಡೆಯ ಹಿಂದೆ ಕೂಸು ಚೀರುವುದಕ್ಕೂ ಸರಿಹೋಯಿತು.

“ಬಾಯಿ ಮುಚ್ಚಸಬೇ, ಡ್ರೈವರ್ ಕೇಳ್ತಾನ!” ಎಂದಳು ಪಕ್ಕದಲ್ಲಿ ಅಡಗಿದ್ದ ಮುದಕವ್ವ.

ಹುಲೆಪ್ಪನಿಗೆ ತಡೆಯಲಾಗಲಿಲ್ಲ. “ಜ್ವರದ ಕೂಸಿನ ಬಾಯಿ ಯಾಕ ಮುಚ್ಚಸ್ತೀರಿ? ಎಲ್ಲಾರೂ ಹೊರಗ ಬರ್ರಿ!” ಎಂದವನೇ ರಸ್ತೆಯ ನಡುವೆ ಹೋಗಿ ನಿಂತ. ಬಸ್ಸು ಕಿರ್ರೆಂದು ನಿಂತಿತು.

“ಸಾಯಾಕ ನಿಂತೀಯೇನೋ ಮುದುಕಾ? ಎಲ್ಲಿಗೆ ಹೋಗಾಂವ?” ಡ್ರೈವರ್ ಕೂಗಿದ.

“ನಾ ಎಲ್ಲಿಗೂ ಹೋಗಾಂವಲ್ಲ. ಸಾರಿಗಿ ಸಂಸ್ಥೆ ಇರೂದು ಮಂದೀನ್ನ ಒಯ್ಯಾಕ. ಇವರೂ ಮಂದೀನ ಅದಾರ. ಹತ್ತವಾ ಸರಿತಾ.”

ಕೊನೆಯ ಹೆಂಗಸು ಹತ್ತುವವರೆಗೂ ಅವನು ರಸ್ತೆ ಬಿಡಲಿಲ್ಲ. ಮರುದಿನದಿಂದ ಹೆಂಗಸರು ಗೋಡೆಯ ಮುಂದೆಯೇ ನಿಂತರು.