ಕಟಕಟೆಯ ಈಚೆ

ಕೆಲಸ ಕೊಟ್ಟವನನ್ನು ಅಳತೆ ಕೇಳಬೇಕು, ಯಾಕೆ ಅಂತ ಕೇಳಬಾರದು. ನಮ್ಮಪ್ಪ ನನಗೆ ಕಲಿಸಿದ್ದು ಅದು. ಉದ್ದ ಎಷ್ಟು, ಎತ್ತರ ಎಷ್ಟು, ಯಾವ ಮರ, ಯಾವತ್ತಿಗೆ ಬೇಕು, ಅಷ್ಟೇ. ಮಂಚ ಮಾಡಿಸಿದವನು ಅದರ ಮೇಲೆ ಮಲಗುತ್ತಾನೋ ಅಡಿಯಲ್ಲಿ ಮಲಗುತ್ತಾನೋ ಬಡಗಿಗೆ ಬೇಡದ ಮಾತು. ಉಳಿ ಹಿಡಿದ ದಿನದಿಂದ ಈ ಪಾಠ ನಾನು ತಪ್ಪಲಿಲ್ಲ. ಈಗ ರಾಮನಗರ ಅನ್ನುತ್ತಾರಲ್ಲ, ಆಗಿನ ಕ್ಲೋಸ್‌ಪೇಟೆ, ಅಲ್ಲಿ ಪಾದ್ರಿ ದೊರೆಗಳು ಹೊಸ ಪ್ರಾರ್ಥನೆಯ ಮನೆ ಕಟ್ಟಿಸಿ ನನ್ನ ಕೈಗೆ ಅಳತೆಯ ಚೀಟಿ ಕೊಟ್ಟಾಗಲೂ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು.

ನಾನು ಹುಟ್ಟಿದ್ದು ಕಾನಕಾನಹಳ್ಳಿ ತಾಲ್ಲೂಕಿನಲ್ಲಿ, ಕೋಡಿಹಳ್ಳಿಗೆ ಎರಡು ಹರದಾರಿ ದೂರದ ಊರಿನಲ್ಲಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ನಾವು ಆಚಾರಿಗಳು, ಜನಿವಾರದವರು. ಬ್ರಾಹ್ಮಣರ ಮನೆಯಲ್ಲೂ ನೀರು ಮುಟ್ಟುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿಕೊಳ್ಳುತ್ತಿದ್ದರು, ನಾನೂ ಹೇಳಿಕೊಳ್ಳುತ್ತಿದ್ದೆ. ಕೆಲಸ ಹುಡುಕಿಕೊಂಡು ಕ್ಲೋಸ್‌ಪೇಟೆಗೆ ಬಂದವನಿಗೆ ಪಾದ್ರಿಗಳ ಬಂಗಲೆಯ ಕಿಟಕಿಗಳ ಕೆಲಸ ಸಿಕ್ಕಿತು. ಅವರು ಒಬ್ಬರೇ ಇದ್ದರು, ಸೀಮೆಯಿಂದ ಬಂದ ಬಿಳಿಯರು, ನಮ್ಮ ಕನ್ನಡವನ್ನು ಪುಸ್ತಕದಿಂದ ಕಲಿತವರು. ಸಂಜೆ ನನ್ನ ಕೆಲಸದ ಹತ್ತಿರ ಕುರ್ಚಿ ಹಾಕಿಸಿಕೊಂಡು ಮಾತಾಡುತ್ತಿದ್ದರು. ತಾವು ಪೂಜಿಸುವ ಸ್ವಾಮಿಯೂ ಬಡಗಿಯೇ, ಮೂವತ್ತು ವರ್ಷದವರೆಗೆ ಮರಗೆಲಸ ಮಾಡಿದವನು ಎಂದು ಒಂದು ದಿನ ಹೇಳಿದರು. ಯಾವ ಮರ ಎಂದು ಕೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ.

ಆದರೆ ಆ ಮಾತು ನನ್ನನ್ನು ಹಿಡಿದುಕೊಂಡಿತು. ದೇವರ ಕೈಯಲ್ಲಿ ಶಂಖ ಚಕ್ರ ತ್ರಿಶೂಲ ನೋಡಿದ್ದೆ, ಬಡಗಿಯ ಬಾಚಿ ನೋಡಿರಲಿಲ್ಲ. ಆ ಸ್ವಾಮಿಯ ಎದುರಿಗೆ ಈ ಕುಲ ಆ ಕುಲ ಎಂಬುದಿಲ್ಲ, ಯಜಮಾನ ಆಳು ಎಂಬುದಿಲ್ಲ, ಎಲ್ಲರೂ ಒಬ್ಬ ತಂದೆಯ ಮಕ್ಕಳು ಎಂದೂ ಪಾದ್ರಿಗಳು ಹೇಳಿದರು. ಒಂದೂವರೆ ವರ್ಷ ಕೇಳಿದೆ. ಆಮೇಲೆ ಜನಿವಾರ ತೆಗೆದು ಸ್ನಾನದೀಕ್ಷೆ ತೆಗೆದುಕೊಂಡೆ. ಸುದ್ದಿ ಊರಿಗೆ ಮುಟ್ಟಿತು. ಅಣ್ಣ ಹೊಳೆಯ ದಡದಲ್ಲಿ ನಿಂತು ಬದುಕಿರುವ ನನ್ನ ಹೆಸರಿಗೆ ಎಳ್ಳುನೀರು ಬಿಟ್ಟ. ನಿಶ್ಚಯವಾಗಿದ್ದ ಹೆಣ್ಣನ್ನು ಬೇರೆ ಕಡೆ ಕೊಟ್ಟರು. ಅವ್ವನನ್ನು ನೋಡಲು ಹೋದಾಗ ಅವಳು ಬಾಗಿಲಿಗೆ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಳಗೆ ಹೋದಳು. ಅಷ್ಟೇ ದರ್ಶನ.

ಇನ್ನು ನನಗೆ ಉಳಿದಿದ್ದು ಪಾದ್ರಿಗಳ ಸಭೆ ಒಂದೇ. ಅದರಲ್ಲೂ ಪೂರ್ತಿ ಸೇರಿರಲಿಲ್ಲ. ತಿಂಗಳ ಕೊನೆಯ ಭಾನುವಾರ ರೊಟ್ಟಿಯ ಚೂರು, ದ್ರಾಕ್ಷಾರಸದ ಬಟ್ಟಲು ಕೊಡುತ್ತಾರೆ. ಆ ಬಟ್ಟಲಿಗೆ ತುಟಿ ಹಚ್ಚಿದವನೇ ಸಭೆಯವನು. ಹೊಸ ಮನೆ ತೆರೆದ ತಿಂಗಳಲ್ಲೇ ನನಗೂ ಕೊಡುವುದೆಂದು ಗೊತ್ತಾಗಿತ್ತು. ನಾನು ಆ ದಿನಕ್ಕಾಗಿ ಕಾಯುತ್ತಿದ್ದೆ. ಒಬ್ಬನೇ ಬೇಯಿಸಿಕೊಂಡು, ಒಬ್ಬನೇ ಉಂಡು, ಗೋಡೆಯ ಕಡೆ ತಿರುಗಿ ಮಲಗುವವನಿಗೆ ನಾಲ್ಕು ಜನ 'ನಮ್ಮವನು' ಅನ್ನುವ ದಿನ ಅದು.

ಪಾದ್ರಿಗಳ ಚೀಟಿಯಲ್ಲಿ ಒರಗುವ ಬೆಂಚು ನಾಲ್ಕು, ಮೇಜು ಒಂದು, ಮತ್ತೆ ಹದಿನೆಂಟು ಅಡಿ ಉದ್ದ, ಮೂರಡಿ ಎತ್ತರದ ಕಟಕಟೆ ಇತ್ತು. ಕಟಕಟೆಯ ನಡುವೆ ಪುಟ್ಟ ಬಾಗಿಲು. ಹೊನ್ನೆ ಮರದ ಚೌಕಟ್ಟು ನಾನೇ ಮಾಡಿ, ಸಣ್ಣ ಕಂಬಗಳನ್ನು ಕಡೆಸಲು ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಬೊಂಬೆ ಕಡೆಯುವ ಸಾಬಿ ಒಬ್ಬ ನನಗೆ ಬಹಳ ವರ್ಷದ ಗೆಳೆಯ.

"ಏನ್ ಆಚಾರಿ, ಇಷ್ಟೊಂದು ಕಂಬ ಯಾರ ಮನೆ ಜಗಲಿಗೆ?" ಎಂದ.

"ದೇವ್ರ ಮನೆಗೆ ಕಣಯ್ಯ."

"ದೇವ್ರನ್ನ ಒಳಗೆ ಕೂಡಾಕಾಕೋ, ಜನಾನ ಹೊರಗೆ ನಿಲ್ಸಾಕೋ?"

"ಆಡು ಮೇಕೆ ನುಗ್ದಂಗೆ ಇರ್ಬೋದು. ಅಳತೆ ಕೊಟ್ಟವ್ರೆ, ಮಾಡು."

"ಮೇಕೆ ತಡೆಯೋಕೆ ಅರಗಿನ ಬಣ್ಣ ಯಾಕ್ಲಾ? ಮುಳ್ಳು ಹಾಕು, ಸಾಕು."

ನಾನು ಕೇಳಲಿಲ್ಲ. ಪ್ರತಿ ಕಂಬಕ್ಕೂ ಕೆಂಪು ಅರಗು ಹತ್ತಿಸಿ, ಕೇದಗೆ ಗರಿಯಲ್ಲಿ ಮುಖ ಕಾಣುವಂತೆ ಉಜ್ಜಿಸಿ ತಂದೆ. ಬಾಗಿಲ ಕೀಲಿಗೆ ಹರಳೆಣ್ಣೆ ಬಿಟ್ಟೆ. ಆ ಸೀಮೆಯಲ್ಲಿ ಅಂಥ ಕಟಕಟೆ ಇನ್ನೊಂದಿರಲಿಲ್ಲ. ಇದನ್ನು ಈಗಲೂ ಹೇಳುತ್ತೇನೆ.

ಮನೆ ತೆರೆದ ದಿನ ಹೊಸ ರುಮಾಲು ಸುತ್ತಿಕೊಂಡು ಹೋದೆ. ರೈಲಿನ ಇಂಜಿನಿಯರು, ಅವರ ಹೆಂಡತಿ, ಬೆಂಗಳೂರಿನಿಂದ ಬಂದಿದ್ದ ಇನ್ನೂ ಕೆಲವು ಬಿಳಿಯರು ಮುಂದಿನ ಬೆಂಚುಗಳಲ್ಲಿದ್ದರು. ನಾಲ್ಕನೇ ಬೆಂಚು ಖಾಲಿ. ಮಾಡಿದವನು ನಾನು, ಖಾಲಿ ಇದೆ, ಕೂತೆ. ಮುಂದಿದ್ದ ಇಂಜಿನಿಯರ ಹೆಂಡತಿ ಹಿಂದಿರುಗಿ ನೋಡಿ, ಬೆಂಚಿನ ಒರಗಿನ ಮೇಲೆ ಇಳಿಬಿದ್ದಿದ್ದ ತನ್ನ ಶಾಲನ್ನು ಮೆಲ್ಲಗೆ ಎಳೆದುಕೊಂಡಳು. ಕೋಪವೇನೂ ಇರಲಿಲ್ಲ ಆ ಮುಖದಲ್ಲಿ. ಒದ್ದೆ ಗೋಡೆಯಿಂದ ಬಟ್ಟೆ ಎಳೆದುಕೊಳ್ಳುತ್ತೇವಲ್ಲ, ಹಾಗೆ. ಪಾದ್ರಿಗಳ ಕೈಕೆಳಗಿನ ಉಪದೇಶಿ, ನಮ್ಮ ನಾಡಿನವನೇ, ಓಡಿಬಂದು ನನ್ನ ಮೊಣಕೈ ಹಿಡಿದ.

"ಆಚಾರ್ರೇ, ಒಸಿ ಈಚೆ ಬನ್ನಿ."

"ಯಾಕೆ?"

"ಬನ್ನಿ, ಆಮೇಲೆ ಹೇಳ್ತೀನಿ."

ಈಚೆ ಎಂದರೆ ಕಟಕಟೆಯ ಈಚೆ. ಅಲ್ಲಿ ಚಾಪೆ ಹಾಸಿತ್ತು, ನಮ್ಮ ಜನ ಕೂತಿದ್ದರು. ಉಪದೇಶಿ ಪುಟ್ಟ ಬಾಗಿಲು ಮುಚ್ಚಿದ. ಎಣ್ಣೆ ಬಿಟ್ಟಿದ್ದರಿಂದ ಅದು ಸದ್ದೇ ಮಾಡಲಿಲ್ಲ. ಆವತ್ತು ಪಾದ್ರಿಗಳು ನೆರೆಯವನನ್ನು ಪ್ರೀತಿಸುವುದರ ಬಗ್ಗೆ ಉಪದೇಶ ಮಾಡಿದರು.

ಸೋಮವಾರ ಬೆಳಿಗ್ಗೆ ಬಂಗಲೆಗೆ ಹೋದೆ.

"ಸ್ವಾಮಿ, ನಿಮ್ ಪುಸ್ತಕದಾಗೆ ಕಟಕಟೆ ಐತಾ?"

ಪಾದ್ರಿಗಳು ಓದುತ್ತಿದ್ದ ಪುಸ್ತಕ ಮುಚ್ಚಿದರು. "ಇಲ್ಲ."

"ಮತ್ತೆ ಚೀಟೀಲಿ ಯಾಕಿತ್ತು?"

"ಈ ಮನೆಗೆ ಕಲ್ಲು, ಮರ, ಹೆಂಚು ಕೊಡಿಸಿದವರು ಆ ದೊರೆಗಳು. ಅವರು ಹಾಗೆ ಅಪೇಕ್ಷಿಸಿದರು. ಈ ದೇಶದ ರೋಗಗಳ ಭಯ ಅವರಿಗಿದೆ. ಆಚಾರಿಯೇ, ನೀನು ದುಃಖಪಡಬಾರದು. ಕಟಕಟೆಯು ಶರೀರಗಳಿಗೆ ಮಾತ್ರ. ಆತ್ಮಗಳಿಗೆ ಕಟಕಟೆ ಇಲ್ಲ."

"ನಾನೆಲ್ಲೇ ಹೋದ್ರೂ ಎರಡೂ ಒಟ್ಟಿಗೇ ಬತ್ತವೆ ಸ್ವಾಮಿ. ಒಂದನ್ನ ಚಪ್ಪಲಿ ಹಂಗೆ ಹೊರಗೆ ಬುಟ್ಟು ಬರಾಕಾಯ್ತದಾ?"

ಅವರು ಎದ್ದು, ನಾನೇ ಮಾಡಿದ ಕಿಟಕಿಯ ಹತ್ತಿರ ಹೋಗಿ ನಿಂತರು.

"ನಮ್ಮೋರು ಹುಟ್ಟು ನೋಡ್ತಾರೆ. ಅದು ತಪ್ಪು ಅಂದ್ರಿ, ಬುಟ್ಬುಟ್ಟು ಬಂದೆ. ನಿಮ್ಮೋರು ತೊಗಲು ನೋಡ್ತಾರೆ. ಅದು ಸರೀನಾ?"

"ಸರಿಯಲ್ಲ," ಎಂದರು. ಅವರ ಕಿವಿ ಕೆಂಪಗಾಗಿತ್ತು. "ಸರಿಯೆಂದು ನಾನು ಯಾರಿಗೂ ಬೋಧಿಸಲಾರೆ. ಆದರೆ ನಾನೂ ಒಂದನ್ನು ಕೇಳುತ್ತೇನೆ. ಭಾನುವಾರ ನೀನು ನಿನ್ನ ಮಣೆಯನ್ನು ಎಲ್ಲಿ ಹಾಕಿಕೊಳ್ಳುತ್ತಿದ್ದೆ?"

ಈ ಮಣೆಯ ವಿಷಯ ಬರೆಯಲು ಮನಸ್ಸಿಲ್ಲ, ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಹೊಸ ಮನೆ ಆಗುವ ಮೊದಲು ನಾವು ಬಂಗಲೆಯ ಜಗಲಿಯಲ್ಲಿ ಚಾಪೆಯ ಮೇಲೆ ಕೂರುತ್ತಿದ್ದೆವು. ನಮ್ಮಲ್ಲಿ ಮಾಗಡಿ ಕಡೆಯ ಒಬ್ಬ ಮುದುಕನಿದ್ದ. ಮೆಟ್ಟು ಹೊಲಿಯುವವನು, ಮಾದಿಗರವನು, ನನಗಿಂತ ಹತ್ತು ವರ್ಷ ಮೊದಲೇ ಸಭೆಗೆ ಸೇರಿದವನು. ಗಂಟೆ ಹೊಡೆಯುವ ಕೆಲಸ ಅವನದು. ಅವನು ಕೂತ ಚಾಪೆಯ ಮೇಲೆ ನನಗೆ ಕೂರಲಾಗುತ್ತಿರಲಿಲ್ಲ. ಮನೆಯಿಂದ ಮಣೆ ತಂದು ದೂರ ಹಾಕಿಕೊಳ್ಳುತ್ತಿದ್ದೆ. ಕೇಳಿದವರಿಗೆ ಮೊಣಕಾಲು ನೋವು ಅನ್ನುತ್ತಿದ್ದೆ. ಇಪ್ಪತ್ತೆಂಟು ವರ್ಷದ ಮೊಣಕಾಲು.

"ಆ ಮೊಣಕಾಲಿನಿಂದಲೇ ನೀನು ತೊಲೆಯ ಮೇಲೆ ಹತ್ತಿ ಕೂತು ಮೊಳೆ ಹೊಡೆದದ್ದನ್ನೂ ನಾನು ನೋಡಿದ್ದೇನೆ," ಎಂದರು ಪಾದ್ರಿಗಳು.

ಸಿಕ್ಕಿಬಿದ್ದವನಿಗೆ ಬರುವಷ್ಟು ಸಿಟ್ಟು ಬೇರೆ ಯಾರಿಗೂ ಬರುವುದಿಲ್ಲ. "ನಾನು ಮೊನ್ನೆ ಬಂದೋನು ಸ್ವಾಮಿ. ನಿಮ್ಮೋರು ತಲೆತಲಾಂತ್ರದಿಂದ ಆ ಪುಸ್ತಕ ಓದ್ತಾ ಅವ್ರೆ," ಎಂದೆ. ಅದು ನ್ಯಾಯವಾದ ಮಾತೇ. ಆದರೆ ಹೇಳಿ ಹೊರಗೆ ಬಂದಾಗ ಗೆದ್ದವನ ಹಾಗೆ ಅನ್ನಿಸಲಿಲ್ಲ.

ದಾರಿಯಲ್ಲಿ ಮುದುಕ ಹುಣಸೆಮರದ ಕೆಳಗೆ ಮೆಟ್ಟು ಹೊಲಿಯುತ್ತಿದ್ದ. ನನ್ನನ್ನು ಕಂಡು ನಕ್ಕ.

"ಏನ್ ಆಚಾರ್ರೇ, ನಿನ್ನೆ ಮುಂದ್ಕೆ ಹೋಗಿ ಹಿಂದ್ಕೆ ಬಂದ್ರಲ್ಲ."

"ನಿಂಗೆ ಬೇಜಾರಾಗಲ್ವಾ? ಆ ಬೇಲಿ ನೋಡಿ?"

"ಬೇಲಿ ನಂಗೇನ್ ಹೊಸದಾ? ಊರಾಚೆ ಹುಟ್ದೆ. ಗುಡಿಯಾಚೆ ನಿಂತೆ. ಇವ್ರು ಸೂರಿನ ಕೆಳಗಾದ್ರೂ ಕರಕೊಂಡ್ರು." ದಾರಕ್ಕೆ ಮೇಣ ಉಜ್ಜುತ್ತ ಹೇಳಿದ: "ನಿಮ್ಗೆ ಬೇಲಿ ಐತಲ್ಲ ಅಂತ ನೋವಿಲ್ಲ. ಬೇಲಿ ಈಚೆಗೆ ಬಂದ್ಬುಟ್ನಲ್ಲ ಅಂತ ನೋವು."

ನಾನು ಹೊರಡಲು ತಿರುಗಿದೆ. ಅವನೇ ಸಮಾಧಾನ ಮಾಡುವಂತೆ, "ಕುಲಗಳ್ನ ಬಲಗೈ ಎಡಗೈ ಅಂತ ಎರಡು ಕಟ್ಟು ಮಾಡವ್ರಲ್ಲ, ಎಡಗೈ ಕಟ್ಟಿನಾಗೆ ನೀವೂ ನಾವೂ ಒಂದೇ ಪಂಗಡ ಅಲ್ವಾ? ನೀವ್ ತಲೆ, ನಾವ್ ಕಾಲು. ಕಾಲಿನ ಕಷ್ಟ ತಲೆಗೆ ಒಸಿ ತಡವಾಗಿ ಗೊತ್ತಾಯ್ತದೆ," ಎಂದ.

ತಿಂಗಳ ಕೊನೆಯ ಭಾನುವಾರ ಬಂತು. ಮಣೆ ಒಯ್ಯಲಿಲ್ಲ. ಹಟದಿಂದ ಹೋಗಿ ಮುದುಕನ ಪಕ್ಕದಲ್ಲೇ ಚಾಪೆಯ ಮೇಲೆ ಕೂತೆ. ಅವನು ಅಭ್ಯಾಸಬಲದಿಂದ ಅತ್ತ ಸರಿದ. ನಾನೂ ಸರಿದೆ. ಚಾಪೆ ಮುಗಿಯಿತು, ಅವನು ಬರಿ ನೆಲಕ್ಕೆ ಬಂದ. ಪಕ್ಕದವರು ನಕ್ಕರು, ಅವನೂ ನಕ್ಕ.

ಆಚೆಗೆ ಬೆಳ್ಳಿಯ ಬಟ್ಟಲು, ಈಚೆಗೆ ತವರದ ಬಟ್ಟಲು. ಪಾದ್ರಿಗಳು ಮೊದಲು ಆಚೆಯವರಿಗೆ ಕೊಟ್ಟು, ಪುಟ್ಟ ಬಾಗಿಲು ತೆಗೆದು ನಮ್ಮ ಕಡೆ ಬಂದರು. ಮುದುಕ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಕಣ್ಣು ಮುಚ್ಚಿ ಕುಡಿದ. ಅವನ ಬಿಳಿ ಮೀಸೆಯ ತುದಿ ಒಳಗೆ ಅದ್ದಿತು. ಆಮೇಲೆ ಬಟ್ಟಲು ನನ್ನ ಮುಂದೆ ಬಂತು. ಅಂಚಿನ ಮೇಲೆ ಅವನ ತುಟಿಯ ಒದ್ದೆ ಇತ್ತು.

ಕುಡಿಯಬೇಕೆಂದೇ ಹೋಗಿದ್ದೆ. ಕೈಯನ್ನೂ ಎತ್ತಿದ್ದೆ. ಆದರೆ ನಮ್ಮಪ್ಪ, ಅವರಪ್ಪ, ಹೆಸರು ಗೊತ್ತಿಲ್ಲದ ಎಷ್ಟೋ ಜನ ನನ್ನ ಕತ್ತನ್ನು ಹಿಂದಕ್ಕೆ ಎಳೆದು ಹಿಡಿದ ಹಾಗಾಯಿತು. ಪಾದ್ರಿಗಳು ಬಟ್ಟಲು ಹಿಡಿದುಕೊಂಡು ನಿಂತೇ ಇದ್ದರು. ನಾನು ತಲೆ ತಗ್ಗಿಸಿದೆ. ಬಟ್ಟಲು ಮುಂದಿನವನಿಗೆ ಹೋಯಿತು. ಮುದುಕ ನನ್ನ ಕಡೆ ನೋಡಲಿಲ್ಲ, ಮೀಸೆ ಒರೆಸಿಕೊಂಡ. ನನ್ನ ಮುಖ ಆಗ ಹೇಗಿತ್ತೆಂದು ನನಗೆ ಕನ್ನಡಿ ಬೇಕಿರಲಿಲ್ಲ. ಶಾಲು ಎಳೆದುಕೊಂಡ ಆ ಹೆಂಗಸಿನ ಮುಖದಲ್ಲಿ ಅದನ್ನು ನೋಡಿದ್ದೆ.

ಮತ್ತೆರಡು ಭಾನುವಾರ ಮನೆಯಲ್ಲೇ ಇದ್ದೆ. ಮೂರನೆಯ ಸೋಮವಾರ ಮಾಗಡಿ ರಸ್ತೆಯ ಅಂಚಿನಲ್ಲಿದ್ದ ಮುದುಕನ ಗುಡಿಸಲಿಗೆ ಹೋದೆ. ಅವನು ಬಾಗಿಲಲ್ಲಿ ಕೂತಿದ್ದ.

"ಒಂದು ಚೆಂಬು ನೀರು ಕೊಡು," ಎಂದೆ.

"ಯಾಕೆ, ನಿಮ್ ಬಾವಿ ಬತ್ತೋಯ್ತಾ?"

"ನಿಮ್ಮನೆ ನೀರೇ ಕುಡೀಬೇಕು."

ಅವನು ಕೈಯಲ್ಲಿದ್ದ ತೊಗಲನ್ನು ಕೆಳಗಿಟ್ಟ. "ಬ್ಯಾಡ ಆಚಾರ್ರೇ. ಈ ಕೇರೀಲಿ ನೀರು ಕುಡುದ್ರಿ ಅಂತ ಪ್ಯಾಟೆಗೆ ಗೊತ್ತಾದ್ರೆ ನಿಮ್ಗೇನೂ ಆಗಕಿಲ್ಲ. ನೀವು ಆಗ್ಲೇ ಕುಲ ಬುಟ್ಟೋರು. ಕೊಟ್ಟೋನ್ಯಾರು ಅಂತ ನನ್ನ ಹುಡುಕ್ಕೊಂಡ್ ಬತ್ತಾರೆ. ಪುಣ್ಯ ನಿಮ್ಗೆ, ಏಟು ನಂಗೆ."

"ಹಂಗಾದ್ರೆ ನಾನೇನ್ ಮಾಡ್ಲಿ?"

"ಅಲ್ಲಿ ಬಟ್ಲು ತಂದ್ಕೊಟ್ರಲ್ಲ, ಅಲ್ಲಿ ಕುಡೀಬೇಕಿತ್ತು. ಅಲ್ಲಿ ನನ್ನ ಯಾರೂ ಹೊಡೀತಿರ್ನಿಲ್ಲ."

ಅವನ ಮಾತಿನಲ್ಲಿ ಕಹಿ ಇರಲಿಲ್ಲ. ಮತ್ತೆ ತೊಗಲು ಎತ್ತಿಕೊಂಡು ಹೊಲಿಯತೊಡಗಿದ. ನಾನು ಬಂದ ದಾರಿಯಲ್ಲೇ ಹಿಂದಿರುಗಿದೆ.

ಆ ಸ್ವಾಮಿಯ ಮಾತಿಗೂ ಈ ಕಟಕಟೆಗೂ ಹೊಂದಿಕೆ ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೇನೆ. ಅದಕ್ಕೆ ಹೆಚ್ಚು ಓದಬೇಕಾಗಿಲ್ಲ. ಒಂದು ಮೂಲೆಗೆ ಎರಡು ಅಳತೆ ಹಿಡಿದರೆ ಮರ ಕೂಡುವುದಿಲ್ಲ. ನೆರೆಯವನನ್ನು ಪ್ರೀತಿಸು ಎಂದು ಹೇಳಿ ಅವನ ಮುಂದೆ ಬಾಗಿಲು ಮುಚ್ಚುವವನು ಬಿಳಿಯನಾದರೂ ಅಷ್ಟೇ, ಕರಿಯನಾದರೂ ಅಷ್ಟೇ, ಆ ಸ್ವಾಮಿಯ ಕೆಲಸ ಕಲಿತವನಲ್ಲ. ಇದು ನನಗೆ ಸ್ಪಷ್ಟ. ಸ್ಪಷ್ಟವಿಲ್ಲದ್ದು ನನ್ನದೇ ವಿಷಯ. ತಿಂಗಳು ತಿಂಗಳೂ ಬಟ್ಟಲು ಬರುತ್ತಲೇ ಇತ್ತು. ಹೋಗಿ ಕುಡಿದರೆ ಕಟಕಟೆಯನ್ನು ಒಪ್ಪಿಕೊಂಡಂತೆ. ಕುಡಿಯದಿದ್ದರೆ ಮುದುಕನ ಎಂಜಲಿಗೆ ಹೇಸಿದಂತೆ. ಕಟಕಟೆ ತೆಗೆಯುವವರೆಗೆ ಬರುವುದಿಲ್ಲ ಎಂದು ಪಾದ್ರಿಗಳಿಗೆ ಹೇಳಿ ಕಳಿಸಿದೆ. ಕೇಳಿದವರು ಗಟ್ಟಿ ಮನುಷ್ಯ ಅಂದರು. ಒಂದು ವೇಳೆ ತೆಗೆದುಬಿಟ್ಟಿದ್ದರೆ ಏನು ಮಾಡುತ್ತಿದ್ದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಅವರು ತೆಗೆಯಲಿಲ್ಲ.

ಕೆಲಸಕ್ಕೇನೂ ಕೊರತೆ ಇರಲಿಲ್ಲ. ತಿಪ್ಪಸಂದ್ರದ ಗೌಡರ ಮನೆ ಬಾಗಿಲು, ಮಾಗಡಿ ಕಡೆಯ ಗಾಡಿಗಳು, ರೇಷ್ಮೆಯವರ ಹುಳದ ತಟ್ಟೆ ಇಡುವ ಚೌಕಟ್ಟು, ಎಲ್ಲ ಮಾಡಿದೆ. ಹಗಲು ಹೇಗೋ ಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ಮಾತ್ರ ಗಂಟೆ ಕೇಳಿಸುತ್ತಿತ್ತು. ಮುದುಕ ಹೊಡೆಯುವ ಗಂಟೆಗೆ ಒಂದು ಕುಂಟು ನಡಿಗೆ ಇತ್ತು, ಎರಡು ಬೇಗ, ಒಂದು ತಡ. ಆ ಹೊತ್ತಿಗೆ ನಾನು ಬೇಕೆಂದೇ ಗರಗಸ ಹಿಡಿಯುತ್ತಿದ್ದೆ. ಒಂದು ಭಾನುವಾರ ಗಂಟೆ ಸಮನಾಗಿ ಬಡಿಯಿತು. ಯಾರೋ ಬೇರೆಯವರು. ಮುದುಕನಿಗೆ ಹುಷಾರಿಲ್ಲವೇನೋ, ನಾಳೆ ನೋಡಿ ಬರೋಣ ಅಂದುಕೊಂಡೆ. ಗಾಡಿಯ ಕೆಲಸವಿತ್ತು, ನಾಳೆ ನಾಡಿದ್ದಾಯಿತು.

ಗುರುವಾರ ಉಪದೇಶಿ ರಸ್ತೆಯಲ್ಲಿ ಸಿಕ್ಕಿ ವಿಷಯ ಹೇಳಿದ. ಶನಿವಾರವೇ ತೀರಿಕೊಂಡಿದ್ದನಂತೆ, ಭಾನುವಾರ ಮಣ್ಣು ಮಾಡಿದರಂತೆ.

"ಪೆಟ್ಟಿಗೆ?" ಎಂದೆ.

"ಬಿಡದಿಯಿಂದ ಒಬ್ಬ ಬಡಗೀನ ಕರೆಸಿದ್ವಿ," ಎಂದ. "ನೀವು ಮುಟ್ಟಲ್ವೇನೋ ಅಂದ್ಕೊಂಡ್ವಿ."