ಗಾರ್ ಅಲ್ಲದ ಮೀನು

ಬಾಯಲ್ಲಿ ಹೇಳಿದ ತಪ್ಪಿಗೆ ಒಂದು ಸೌಕರ್ಯವಿದೆ. ಮರುದಿನ ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ಜಾರಿಕೊಳ್ಳಬಹುದು. ನನ್ನ ತಪ್ಪಿಗೆ ಆ ಭಾಗ್ಯವಿಲ್ಲ. ಅದು ಕಡಬದ ಹತ್ತಿರದ ಒಂದು ಹೈಸ್ಕೂಲಿನ ಕಪಾಟಿನಲ್ಲಿ, ಗಾಜಿನ ಭರಣಿಯ ಮೇಲೆ, ನನ್ನದೇ ದುಂಡಗಿನ ಅಕ್ಷರದಲ್ಲಿ ಕುಳಿತಿದೆ. ಅದನ್ನು ಕಿತ್ತೇ ಸಿದ್ಧ ಎಂದು ಕಳೆದ ತಿಂಗಳು ಹಟ ಹಿಡಿದು ಹೊರಟೆ.

ಆ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ಟ್ರಾಗಿದ್ದವನು. ಒಂದು ಬೇಸಗೆಯಲ್ಲಿ, ಕುಮಾರಧಾರೆಯಲ್ಲಿ ಬಲೆ ಬೀಸುವವರೊಬ್ಬರು ಉದ್ದ ಮೂತಿಯ, ಬಾಯಿ ತುಂಬ ಸೂಜಿಯಂಥ ಹಲ್ಲಿನ ಮೀನೊಂದನ್ನು ತಂದುಕೊಟ್ಟರು. ಅಮೆರಿಕದ ಗಾರ್ ಮೀನಿನ ಚಿತ್ರವನ್ನು ಆಗಷ್ಟೇ ಪುಸ್ತಕದಲ್ಲಿ ನೋಡಿದ್ದೆ. ಅದಕ್ಕೂ ಉದ್ದ ಮೂತಿ, ಅದಕ್ಕೂ ಸಾಲು ಹಲ್ಲು. ಇನ್ನೇನು ಬೇಕು? ಮೀನನ್ನು ಕೆಡದಂತೆ ಫಾರ್ಮಲಿನ್‌ಗೆ ಇಳಿಸಿ, ‘ಗಾರ್ ಕುಟುಂಬದ ಮೀನು, ಡೈನೋಸಾರ್ ಕಾಲದಿಂದ ಉಳಿದು ಬಂದ ವಂಶ’ ಎಂದು ಚೀಟಿ ಬರೆದು ಅಂಟಿಸಿದೆ.

ಎಂಟನೆಯ ತರಗತಿಯ ಭವಾನಿ ಎಂಬ ಹುಡುಗಿ ಎದ್ದು ನಿಂತಳು. “ಸರ್, ಗಾರ್‌ನ ಮೈಮೇಲಿನ ಹುರುಪೆ ದಪ್ಪ ಅಂತ ಪುಸ್ತಕದಲ್ಲಿ ಉಂಟು. ಇದರದ್ದು ತೆಳು ಉಂಟಲ್ಲ?”

“ಫಾರ್ಮಲಿನ್‌ನಲ್ಲಿ ನೆನೆದು ಹಾಗಾದದ್ದು. ಕೂತ್ಕೊ” ಎಂದೆ. ಫಾರ್ಮಲಿನ್ ಹಾಗೇನೂ ಮಾಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ತರಗತಿ ನಕ್ಕಿತು, ಅವಳು ಕೂತಳು. ಇಂದು ಅದೇ ಶಾಲೆಯಲ್ಲಿ ಅವಳೇ ವಿಜ್ಞಾನದ ಟೀಚರು.

ನಿವೃತ್ತನಾಗಿ ಕಬಕದಲ್ಲಿ ಮನೆ ಮಾಡಿದ ಮೇಲೂ ನಾನು ಆ ಮೀನಿನ ಹೆಮ್ಮೆಯನ್ನು ಬಿಡಲಿಲ್ಲ. ಪಕ್ಕದ ಮನೆಯ ಅಕ್ಕಮ್ಮ ಸುಳ್ಯದ ಕಡೆಯ ಗೌಡರ ಮನೆಯವರು. ಗಂಡು ಹೆಣ್ಣಿನ ಮಾತುಕತೆ ಎಲ್ಲಿ ನಡೆದರೂ ಅವರನ್ನು ಒಂದು ಮಾತು ಕೇಳದೆ ಮುಂದುವರಿಯುವಂತಿಲ್ಲ. ಗೋತ್ರದ ಹಾಗೆ ಅವರಲ್ಲಿ ಬಳಿ ಎಂಬುದಿದೆ. ಒಂದೇ ಬಳಿಯವರು ಅಣ್ಣ ತಂಗಿಯರ ಲೆಕ್ಕ. ಒಂದು ದಿನ ಅವರು ಅಂಥದೇ ಒಂದು ಸಂಬಂಧ ಮುರಿದು ಬಂದಿದ್ದರು. ಹುಡುಗ ಗಳದಷ್ಟು ಉದ್ದ, ಹುಡುಗಿ ಗುಂಡುಗುಂಡಗೆ, ಊರು ಬೇರೆ, ಬಣ್ಣ ಬೇರೆ. ಬಳಿ ಮಾತ್ರ ಒಂದೇ! ನಾನು ಮಾತಿಗೆ ಮಾತು ಸೇರಿಸುತ್ತ ನನ್ನ ಮೀನಿನ ದೊಡ್ಡ ವಂಶದ ಸುದ್ದಿ ತೆಗೆದೆ. ಹೇಗೆ ಗೊತ್ತಾಯಿತೆಂದು ಕೇಳಿದರು. ಮೂತಿ ನೋಡಿ ಎಂದೆ.

“ಎಂತ ಮಾರಾಯ್ರೆ, ಮೂತಿ ನೋಡಿ ಸಂಬಂಧ ಹೇಳುದಾ? ಹಾಗೆ ಮಾಡಿದ್ರೆ ನಮ್ಮಲ್ಲಿ ಅಣ್ಣ ತಂಗಿಗೇ ಮದುವೆ ಆಗಿ ಹೋದೀತು. ಅದರ ಬಳಿ ಯಾವುದು, ಅದನ್ನು ಕೇಳಿದ್ದೀರಾ?”

ಕೇಳಿರಲಿಲ್ಲ. ಅಷ್ಟು ವರ್ಷ ಪಾಠ ಮಾಡಿದವನು ಕೇಳಿರಲಿಲ್ಲ. ಕನ್ನಡಕ ಏರಿಸಿ ಇಳಿಸಿ ಒಂದು ವಾರ ಮೊಬೈಲಿನಲ್ಲಿ ಓದಿದೆ. ಗಾರ್ ಕುಟುಂಬದಲ್ಲಿ ಇಂದು ಬದುಕಿರುವವು ಬೆರಳೆಣಿಕೆಯ ಪ್ರಭೇದಗಳು, ಎಲ್ಲವೂ ಅಮೆರಿಕದ ಕಡೆಯವು. ಸತ್ತು ಕಲ್ಲಾದವರ ಸಂಸಾರವೇ ದೊಡ್ಡದು. ಅದರಲ್ಲಿ ಮೋಟು ಮೂತಿಯವೂ ಇವೆ. ಅವನ್ನು ಕಂಡರೆ ನನ್ನಂಥವನು ಗಾರ್ ಎಂದು ಸತ್ತರೂ ಒಪ್ಪುತ್ತಿರಲಿಲ್ಲ. ವಿದ್ವಾಂಸರು ಮಾತ್ರ ಮುಲಾಜಿಲ್ಲದೆ ಅವನ್ನು ಅದೇ ಮನೆಗೆ ಸೇರಿಸಿದ್ದಾರೆ. ಹೆಂಚು ಜೋಡಿಸಿದಂತೆ ಕೂತ ದಪ್ಪ ಹುರುಪೆ, ಮುಂದೆ ಉಬ್ಬಿ ಹಿಂದೆ ತಗ್ಗಾಗಿ ಒಂದರೊಳಗೊಂದು ಕೂರುವ ಬೆನ್ನುಮೂಳೆಯ ಮಣಿ, ಅವರು ಕೇಳುವ ಬಳಿ ಇಂಥದ್ದು. ಉದ್ದ ಮೂತಿ ನೀರಿನಲ್ಲಿ ಬೇಟೆಯಾಡುವ ಯಾರಿಗೂ ಬೆಳೆದೀತು, ಮೊಸಳೆಗೆ ಬೆಳೆದಿಲ್ಲವೇ? ನನ್ನ ಭರಣಿಯ ಮೀನು ಸಮುದ್ರದ ಹಾರುವ ಮೀನಿನ ದಾಯಾದಿಯಂತೆ. ಗಾರ್‌ಗೂ ಅದಕ್ಕೂ ಸೂತಕ ತಾಗುವಷ್ಟು ಸಂಬಂಧವೂ ಇಲ್ಲ. ಇನ್ನೊಂದು ತಮಾಷೆ ಕೇಳಿ: ನಿಜವಾದ ಗಾರ್‌ನ ಹುರುಪೆಗಳು ನಮ್ಮ ದಖ್ಖನ್ನಿನ ಲಾವಾ ಪದರಗಳ ನಡುವೆ ಕಲ್ಲಾಗಿ ಸಿಕ್ಕಿವೆ. ನಮ್ಮ ದೇಶದಲ್ಲೇ ಅವರ ಮನೆಯಿತ್ತು, ನಾನು ಬೇರೆ ಯಾರದ್ದೋ ಬಾಗಿಲು ತಟ್ಟಿದ್ದೆ.

ಹೊಸ ಚೀಟಿ ಬರೆದೆ. ಬ್ಲೇಡು, ಗೋಂದು ಚೀಲಕ್ಕೆ ಹಾಕಿದೆ. “ಫೋನ್ ಮಾಡಿ ಹೇಳಿದ್ರೆ ಸಾಕಾಗುದಿಲ್ವಾ?” ಎಂದಳು ಹೆಂಡತಿ. ಸಾಕಾಗುವುದಿಲ್ಲ. ಚೀಟಿ ಬದಲಿಸಲು ಯಾರ ಕೈಯಾದರೂ ಆದೀತು. ಭವಾನಿಗೆ ಹೇಳಬೇಕಾದ ಮಾತಿಗೆ ನನ್ನ ಬಾಯಿಯೇ ಬೇಕು. ಪುತ್ತೂರಿನಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗೋಣವೆನ್ನಿಸಿತು. ನಾಚಿಕೆಯಾಗುತ್ತಿತ್ತು. ಆದರೂ ಕಡಬದ ಬಸ್ಸು ಹತ್ತಿದೆ.

ಶಾಲೆಯಲ್ಲಿ ನನ್ನನ್ನು ಕಂಡು ಭವಾನಿ ಕುರ್ಚಿ ಬಿಟ್ಟು ಎದ್ದಳು. ನಾನು ಕೂರಲಿಲ್ಲ. “ಆವತ್ತು ಹುರುಪೆ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ನಿನ್ನ ಬಾಯಿ ಮುಚ್ಚಿಸಿದ್ದು ನನ್ನ ತಪ್ಪು” ಎಂದೆ.

ಅವಳು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟಳು. “ನನಗೆ ಗೊತ್ತುಂಟು ಸರ್. ಬಿ.ಎಸ್ಸಿ. ಓದುವಾಗಲೇ ಗೊತ್ತಾಯ್ತು.”

“ಮತ್ತೆ ಚೀಟಿ ಯಾಕೆ ತೆಗೀಲಿಲ್ಲ? ನನ್ನ ಮರ್ಯಾದೆಗಾ?”

“ಮರ್ಯಾದೆಗೆ ಅಲ್ಲ ಸರ್” ಎಂದು ತಡವರಿಸಿದಳು. “ಪ್ರತಿ ವರ್ಷ ಎಂಟನೇ ಕ್ಲಾಸಿಗೆ ನಾನು ಮೊದಲು ಮಾಡುದು ಇದೇ ಪಾಠ. ಚೀಟಿ ಓದಿ, ಮೀನು ನೋಡಿ, ಮಾಸ್ಟ್ರು ಎಲ್ಲಿ ತಪ್ಪಿದ್ದಾರೆ ಹೇಳಿ ಅಂತ. ಎದ್ದು ನಿಂತವರನ್ನು ನಾನು ಕೂತ್ಕೊ ಅಂತ ಹೇಳುದಿಲ್ಲ. ದಮ್ಮಯ್ಯ, ಅದನ್ನು ತೆಗೀಬೇಡಿ ಸರ್.”

ಪುತ್ತೂರಿನ ಪೇಟೆಯಲ್ಲಿ ನಮಸ್ಕಾರ ಹೇಳುತ್ತಲೇ ತುಟಿಯಂಚಿನಲ್ಲಿ ನಗುವ, ಭವಾನಿಯ ಕೈಯಲ್ಲಿ ಕಲಿತ ಯುವಕರ ನಗೆಯ ಅರ್ಥ ನನಗೆ ಅಂದು ಹೊಳೆಯಿತು. ನನಗೂ ನಗು ಬಂತು.

ಭವಾನಿ ಭರಣಿಯನ್ನು ತಂದು ಮೇಜಿನ ಮೇಲಿಟ್ಟಳು. “ಒಂದೇ ತೊಂದರೆ ಸರ್. ಶಾಯಿ ಮಾಸಿ ಹೋಗಿದೆ. ಈ ವರ್ಷದ ಮಕ್ಕಳಿಗೆ ಓದ್ಲಿಕ್ಕೆ ಆಗುದಿಲ್ಲ.”

ನಾನು ಪೆನ್ನು ತೆಗೆದೆ. ತಿದ್ದಲೆಂದು ಎರಡು ಬಸ್ಸು ಹತ್ತಿ ಹೋದವನು ನನ್ನ ತಪ್ಪಿನ ಮೇಲೆಯೇ ಅಕ್ಷರ ಅಕ್ಷರವಾಗಿ ದಪ್ಪಗೆ ಮತ್ತೆ ಬರೆದೆ. ಕೆಳಗೆ, ಅಂದು ಹಾಕದೆ ಬಿಟ್ಟಿದ್ದ ನನ್ನ ಹೆಸರನ್ನೂ ಪೂರ್ತಿಯಾಗಿ ಹಾಕಿದೆ. ಯಾವ ಮಾಸ್ಟ್ರು ಎಂದು ಮಕ್ಕಳು ಕೇಳಿದರೆ ಭವಾನಿ ತಡವರಿಸಬಾರದು.