ಶರಣುಗಳ ನಡುವೆ ನನ್ನ ಪ್ರಶ್ನೆ

ಮೋಟಾರ್ ಹಾಕಿದರೆ ನಮ್ಮ ಮನೆಯ ನಳ ಶಾಕ್ ಹೊಡೆಯುತ್ತಿತ್ತು. ನಮ್ಮೂರು ಭಂಕೂರಿನಲ್ಲೇ ಕೂತು ಮೊಬೈಲಿನ ಆನ್‌ಲೈನ್ ಕ್ಲಾಸಿನಲ್ಲಿ ವೈರಿಂಗ್ ಕಲಿಯುತ್ತೇನೆ. ಏನು ಮಾಡಲಿ ಎಂದು ಮಾಸ್ತರರನ್ನು ಚಾಟಿನಲ್ಲಿ ಕೇಳಿದೆ. ಕ್ಲಾಸಿಗೆ ಬಂದವರೆಲ್ಲ ‘ಶರಣು’ ಎಂದು ಬರೆಯುತ್ತಿದ್ದರು, ಮೊದಲೇ ಇದ್ದವರು ಅದಕ್ಕೆ ‘ಶರಣಾರ್ಥಿ’ ಎನ್ನುತ್ತಿದ್ದರು. ನನ್ನ ಪ್ರಶ್ನೆ ಮೇಲೆ ಸರಿದು ಕಾಣದಾಯಿತು. ಮತ್ತೆ ಬರೆದೆ, ಮತ್ತೆ ಹೋಯಿತು.

“ನಿನ್ನ ಸಾಲಿ ಮುಗಿಯೋತನ ನೀರಿಲ್ದ ಕುಂದರ್ಲೇನು? ಮೋಟಾರ್ ಹಾಕ್ತೀನಿ” ಎಂದು ಅವ್ವ ಕೊಡ ಹಿಡಿದು ಎದ್ದಳು. ಅವಳ ಕೈ ಹಿಡಿದುಕೊಂಡೇ ಅದನ್ನೂ ಚಾಟಿನಲ್ಲಿ ಬರೆದೆ.

ಚಿಂಚೋಳಿಯ ಹುಡುಗಿಯೊಬ್ಬಳು ಬರೆದಳು: “ಶರಣು ಆಮ್ಯಾಲ ಮಾಡ್ರಿ. ಆ ಅಣ್ಣನ ಅವ್ವಗ ಕರೆಂಟ್ ಹೊಡಿತದ.”

ಶರಣುಗಳು ನಿಂತವು. ಮೇನ್ ಆಫ್ ಮಾಡಿ ಮೋಟಾರ್ ವೈರ್ ನೋಡು ಎಂದು ಮಾಸ್ತರರು ಬರೆದರು. ವೈರ್ ಸುಲಿದು ಪೈಪಿಗೆ ತಾಗಿತ್ತು.

ಈಗ ಕ್ಲಾಸಿನಲ್ಲಿ ನಾನು ಯಾರಿಗೂ ಶರಣಾರ್ಥಿ ಬರೆಯುವುದಿಲ್ಲ. ಸೊಕ್ಕಿನವ ಎನ್ನುತ್ತಾರೆ. ಅನ್ನಲಿ.